ಕೆಂಪು ಅರಗಿನ ಚಾಕು

“ಮಿಕ್ಕ ಹನ್ನೊಂದನ್ನ ಏನು ಬೇಕಾದ್ರೂ ಮಾಡ್ಕೋಪ್ಪ. ಇದರ ಹಿಡಿ ಮಾತ್ರ ಬಿಚ್ಚಬೇಡ,” ಎಂದಳು ಗುಜರಿಯಮ್ಮ.

ಸಾಣೆ ಅಂಗಡಿಯ ಮೇಜಿನ ಮೇಲೆ ಆಕೆ ಗೋಣಿಚೀಲ ಸುರಿದಿದ್ದಳು. ಹನ್ನೆರಡು ಹಳೆಯ ಚಾಕುಗಳು, ಒಂದಕ್ಕಿಂತ ಒಂದು ದರಿದ್ರ. ತುಕ್ಕು ತಿಂದವು, ಮೊನೆ ಮುರಿದವು, ಹಿಡಿ ಸೀಳಿದವು. ಅವುಗಳ ನಡುವೆ ಗೇಣುದ್ದದ ಅಲಗಿನ, ಕಪ್ಪು ಮರದ ಹಿಡಿಯ ಒಂದು ಚಾಕು. ಅದನ್ನು ಮಾತ್ರ ಆಕೆ ಬೆರಳಿನಿಂದ ಮುಟ್ಟದೆ ಚೀಲದ ಅಂಚಿನಿಂದಲೇ ಬದಿಗೆ ತಳ್ಳಿದಳು.

“ಯಾಕಮ್ಮಾ, ಒಳಗೆ ದೆವ್ವ ಬಾಡಿಗೆಗಿದೆಯಾ?” ಎಂದ ಮೇಜಿನ ಹಿಂದೆ ನಿಂತಿದ್ದ ಅಳತೆಗಾರ.

“ಮಾಟ ಕಟ್ಟಿಟ್ಟಿರೋ ಹಿಡಿ ಅದು. ಬಿಚ್ಚಿದವನ ಕೈ ಸತ್ತುಹೋಗುತ್ತೆ. ನಾನು ಹೇಳಿದ್ದೀನಿ. ಹೇಳ್ಲಿಲ್ಲ ಅನ್ನಬೇಡ.”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಹಾಗಾದ್ರೆ ಮೊದಲು ಇದನ್ನೇ ಬಿಚ್ತೀನಿ ಬಿಡಮ್ಮಾ. ಪಾಪ, ಒಳಗಿರೋದಕ್ಕೂ ಸ್ವಲ್ಪ ಗಾಳಿಯಾಡಲಿ!” ಗುಜರಿಯಮ್ಮ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕನ ಮುಖವನ್ನು ಒಮ್ಮೆ ನೋಡಿ, ಚೀಲ ಮಡಚಿಕೊಂಡು ಹೊರಟುಹೋದಳು.

ಅವನನ್ನು ಎಲ್ಲರೂ ಕರೆಯುತ್ತಿದ್ದುದು ಅಳತೆಗಾರ ಎಂದು. ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಹದಿನಾರು ವರ್ಷ ತಪಾಸಣೆ ಮಾಡಿದವನು. ಅಳತೆಯ ಉಪಕರಣ ತೋರಿಸುವ ಮೊದಲೇ ಅವನ ಹೆಬ್ಬೆರಳು ಹೇಳಿಬಿಡುತ್ತಿತ್ತು, ಕೂದಲೆಳೆಯಷ್ಟು ಹೆಚ್ಚೋ ಕೂದಲೆಳೆಯಷ್ಟು ಕಡಿಮೆಯೋ ಎಂದು. ಕಾರ್ಖಾನೆ ಬಾಗಿಲು ಹಾಕಿತು. ಮನೆ ಇಲ್ಲ, ಮದುವೆ ಇಲ್ಲ. ಆಸ್ತಿ ಅಂತ ಇದ್ದದ್ದು ಆ ಹೆಬ್ಬೆರಳೊಂದೇ. ಅದೇ ಹೊತ್ತಿಗೆ ಅಕ್ಕ ಫೋನು ಮಾಡಿದಳು. “ಬಾರೋ, ನಿನ್ನ ಭಾವನ ಕೈ ಬಿದ್ದುಹೋಗಿದೆ. ಸಾಣೆ ಅಂಗಡಿ ನೋಡ್ಕೊಳ್ಳೋರಿಲ್ಲ. ನನ್ನವರು ಅಂತ ಇರೋದು ನೀನೊಬ್ಬನೇ.” ತಾಯಿ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು ಬಾ ಎಂದರೆ ಅವನು ಯೋಚಿಸುವವನೇ ಅಲ್ಲ. ಬಂದು ಮೂರು ವಾರವಾಗಿತ್ತು.

ಭಾವನ ಎರಡೂ ಕೈಗಳು ಒಂದು ವರ್ಷದಿಂದ ಮಣಿಕಟ್ಟಿನವರೆಗೆ ಮರಗಟ್ಟಿದ್ದವು. ನರದ ದೌರ್ಬಲ್ಯ ಎಂದು ಅಕ್ಕ ಹೇಳಿದ್ದಳು. ಅವರ ಅಂಗಿಯ ಗುಂಡಿಯನ್ನೂ ಅವಳೇ ಹಾಕಬೇಕಿತ್ತು.

ಅಂಗಡಿಯ ಕಸುಬು ವಿಚಿತ್ರದ್ದು, ಆದರೂ ಗಿರಾಕಿಗಳಿಗೆ ಬರವಿರಲಿಲ್ಲ. ಗುಜರಿಗೆ ಬಿದ್ದ ಅಗ್ಗದ ಚಾಕುಗಳಿಗೆ ಇಲ್ಲಿ ಮರುಜನ್ಮ. ಕೆಲವು ಎಸೆಯುವ ಆಟಕ್ಕೆ. ಅವಕ್ಕೆ ಮೊನೆ ಬೇಕು, ಬೆರಳ ಮೇಲಿಟ್ಟರೆ ಅಲುಗಾಡದೆ ನಿಲ್ಲುವ ತೂಕ ಬೇಕು. ಉಳಿದವು ಹಳೆಯ ಕಾಲದ ಯುದ್ಧಗಳನ್ನು ಮೈದಾನದಲ್ಲಿ ಆಡಿ ತೋರಿಸುವ ತಂಡಗಳಿಗೆ. ಅವು ದೂರದಿಂದ ಭಯಂಕರವಾಗಿ ಮಿನುಗಬೇಕು, ಹತ್ತಿರದಲ್ಲಿ ಬೆಣ್ಣೆಯನ್ನೂ ಕೊಯ್ಯಬಾರದು. ಅಂಚನ್ನು ನಾಣ್ಯದಷ್ಟು ದಪ್ಪಕ್ಕೆ ಉಜ್ಜಿ, ಮೊನೆಯನ್ನು ಗುಂಡಗೆ ಮಾಡಿ ಕೊಡಬೇಕು. ಕೊಡುವಾಗ ಅಂಗಡಿಯದೇ ಒಂದು ಪದ್ಧತಿಯಿತ್ತು. ಉಜ್ಜಿದವನು ಗಿರಾಕಿಯ ಕಣ್ಣೆದುರಿಗೇ ಆ ಅಲಗನ್ನು ತನ್ನ ಬರಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಎಳೆದು ತೋರಿಸಬೇಕು. ಆಟದಲ್ಲಿ ಒಬ್ಬರ ಕತ್ತಿನ ಮೇಲೆ ಇನ್ನೊಬ್ಬರು ಎಳೆಯುವ ಚಾಕು ಅದು; ಬಾಯಿಮಾತಿನ ಭರವಸೆ ಯಾರಿಗೂ ಸಾಲುತ್ತಿರಲಿಲ್ಲ.

ಒಳಕೋಣೆಗೆ ಕಿಟಕಿಯಿರಲಿಲ್ಲ. ಒಂದು ಬಲ್ಬು, ಸೀಮೆಎಣ್ಣೆಯ ಡಬ್ಬಿ, ಗಂಟಲಿಗೆ ಹತ್ತುವ ಕಬ್ಬಿಣದ ಪುಡಿಯ ವಾಸನೆ. ಅವನು ಕಪ್ಪು ಹಿಡಿಯ ಚಾಕುವನ್ನು ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ ಅಲಗಿನ ಬುಡಕ್ಕೆ ಬೆಂಕಿ ಹಿಡಿದ. ಹಳೆಯ ಚಾಕುಗಳ ಹಿಡಿಯೊಳಗೆ ಅರಗು ಕರಗಿಸಿ ಹೊಯ್ದಿರುತ್ತಾರೆ; ಬಿಸಿ ತಾಗಿದರೆ ಅಲಗು ಸಡಿಲವಾಗಿ ಈಚೆ ಬರುತ್ತದೆ. ಬಂತು. ಜೊತೆಗೆ ಒಂದು ವಾಸನೆಯೂ ಬಂತು. ಕೂದಲು ಸುಟ್ಟ ವಾಸನೆ, ಅದರ ಹಿಂದೆ ಸಿಹಿಯಾಗಿ ಕೊಳೆತ ಇನ್ನೇನೋ. ಹಿಡಿಯ ತೂತಿನಿಂದ ಕಪ್ಪು ದಾರ ಸುತ್ತಿದ ಪುಟ್ಟ ಗಂಟೊಂದು ಜಾರಿ ಮೇಜಿನ ಮೇಲೆ ಬಿತ್ತು. ಬಿಚ್ಚಿ ನೋಡಿದ. ಕೂದಲು, ಕತ್ತರಿಸಿದ ಉಗುರುಗಳು, ಗೀರು ಹಾಕಿದ ಒಂದು ತಾಮ್ರದ ತಗಡು.

ಅರಗು ಕೆಂಪಗೆ ಹೊಳೆಯುತ್ತಿತ್ತು. ಹಳೆಯ ಅರಗಾದರೆ ಕಪ್ಪಾಗಿ ಪುಡಿಪುಡಿಯಾಗಿರಬೇಕು. ಇದು ಮೊನ್ನೆ ಮೊನ್ನೆ ಹೊಯ್ದದ್ದು. ಕೂದಲೆಳೆ ಅಳೆಯುವವನಿಗೆ ಇದು ಕಾಣಲಿಲ್ಲವೇ? ಕಂಡಿತು. ಯಾರೋ ರಿಪೇರಿ ಮಾಡಿರಬೇಕು ಎಂದುಕೊಂಡು ಸುಮ್ಮನಾದ. ಮೂಢನಂಬಿಕೆಯನ್ನು ಹಾಸ್ಯ ಮಾಡುವ ಉತ್ಸಾಹದಲ್ಲಿ ಮಹಾಶಯ ತನ್ನ ಕಸುಬಿನ ಬುದ್ಧಿಯನ್ನೂ ಬದಿಗಿಟ್ಟಿದ್ದ.

ಗಂಟನ್ನು ಕಸದ ಡಬ್ಬಿಗೆ ಎಸೆದು, “ಅಕ್ಕಾ, ದೆವ್ವದ ಮನೆ ಖಾಲಿ ಮಾಡಿಸಿದೆ!” ಎಂದು ಕೂಗಿದ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಬಾಗಿಲಿಗೆ ಬಂದಳು.

“ನೀನೇ ಬಿಚ್ಚಿದೆಯಾ? ನಿನ್ನ ಕೈಯಿಂದಲೇ?”

ಅವಳ ಕಣ್ಣು ಒದ್ದೆಯಾಗಿತ್ತು. ಹೊಗೆ ಹೆಚ್ಚಾಯಿತೇನೋ ಎಂದು ಅವನು ಫ್ಯಾನ್ ಹಾಕಿದ.

ಅಂದೇ ಹಿಡಿಯನ್ನು ಮತ್ತೆ ಕೂರಿಸಿ, ಚಾಕುವಿನ ಅಂಚನ್ನು ಉಜ್ಜಿ ದಪ್ಪ ಮಾಡಿದ. ಹೆಬ್ಬೆರಳಿನಿಂದ ಸವರಿ ನೋಡಿ ತೃಪ್ತಿಪಟ್ಟ. ಮರುದಿನ ಬೆಳಿಗ್ಗೆ ಅದೇ ಅಂಚು ಗಡ್ಡ ಬೋಳಿಸುವಷ್ಟು ಹರಿತವಾಗಿತ್ತು. ಎಲ್ಲೋ ಅದಲುಬದಲಾಗಿರಬೇಕು ಎಂದು ತನ್ನನ್ನೇ ಬೈದುಕೊಂಡು ಮತ್ತೆ ಉಜ್ಜಿದ. ಮೂರನೆಯ ದಿನ ಮತ್ತೆ ಹರಿತ. ನಾಲ್ಕನೆಯ ದಿನ ಹೆಬ್ಬೆರಳಿಗೆ ಏನೂ ಗೊತ್ತಾಗಲಿಲ್ಲ.

ಬೆರಳ ತುದಿಗೆ ಯಾರೋ ಮೇಣ ಮೆತ್ತಿದಂತಿತ್ತು. ಸೂಜಿ ಚುಚ್ಚಿದರೂ ನೋವಿಲ್ಲ. ಎರಡು ದಿನಗಳಲ್ಲಿ ಹತ್ತೂ ಬೆರಳು ಹಾಗಾದವು. ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿಯುವುದೇನು? ಕೈಗೆ ಏನೂ ತಿಳಿಯದ ಅಳತೆಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಉಪಕರಣ ಹಿಡಿದು ಕದ್ದುಮುಚ್ಚಿ ಕೆಲಸ ಸಾಗಿಸಿದ. ಅಕ್ಕ ಮಾತ್ರ ದಿನಕ್ಕೆರಡು ಸಲ ಕೇಳುತ್ತಿದ್ದಳು, “ಕೈ ಹೇಗಿದೆಯೋ?” ಅವನು “ಗುಂಡುಕಲ್ಲಿನ ಹಾಗಿದೆ ಕಣಕ್ಕ” ಎನ್ನುತ್ತಿದ್ದ. ಇಷ್ಟು ಪ್ರೀತಿಯಿಂದ ವಿಚಾರಿಸುವವಳಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಅವನಿಗೇ ನಾಚಿಕೆಯಾಗುತ್ತಿತ್ತು.

ಅದೇ ವಾರ ಭಾವ ತಮ್ಮ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಂಡರು. ಮೂವರೂ ಅತ್ತರು. ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಸಾಣೆಯ ಚಕ್ರ ನಿಧಾನವಾಗಿ ತಿರುಗಿ ನಿಂತಿತು. ಒಳಕೋಣೆಯಲ್ಲಿ ಕಣ್ಣಿಗೆ ಕೈ ಕಾಣದ ಕತ್ತಲೆ. ಆದರೆ ಉಜ್ಜುವ ಸದ್ದು ನಿಲ್ಲಲಿಲ್ಲ. ಸರ್... ಸರ್... ಚಾಕುಗಳಿದ್ದ ಮರದ ಪೆಟ್ಟಿಗೆಯೊಳಗಿನಿಂದ, ಅವಸರವಿಲ್ಲದೆ, ಕಸುಬು ಬಲ್ಲವರು ಉಜ್ಜುವಂತೆ. ಇಲಿ ಎಂದುಕೊಂಡ. ತಡವರಿಸಿಕೊಂಡು ಹೋಗಿ ಮುಚ್ಚಳ ತೆಗೆದ. ಸದ್ದು ನಿಂತಿತು. ಒಳಗೆ ಕೈಯಾಡಿಸಿದ, ಕೈಗೆ ಏನೂ ತಿಳಿಯಲಿಲ್ಲ. ಕರೆಂಟು ಬಂದಾಗ ನೋಡಿದರೆ ಹನ್ನೆರಡೂ ಸಾಲಾಗಿ ಮಲಗಿದ್ದವು. ಅವನ ತೋರುಬೆರಳಿನ ತುದಿ ಸೀಳಿ ರಕ್ತ ಹರಿಯುತ್ತಿತ್ತು. ಅಂಗಿಗೆ ಒರೆಸಿಕೊಂಡ. ಕಪ್ಪು ಹಿಡಿಯದನ್ನು ಮತ್ತೆ ಉಜ್ಜಿದ, ಅಳೆದ, ಸರಿಯಿತ್ತು.

ಮರುದಿನ ಬೆಳಿಗ್ಗೆ ಗಿರಾಕಿ ಬಂದ. ಆಟದಲ್ಲಿ ಸೇನೆಯ ಮುಂದೆ ನಡೆಯುವವನಾದ್ದರಿಂದ ಎಲ್ಲರೂ ಅವನನ್ನು ದಳಪತಿ ಎನ್ನುತ್ತಿದ್ದರು. ಆರು ಎಸೆಯುವ ಚಾಕುಗಳನ್ನು ಅಂಗಳದ ಹಲಗೆಗೆ ಎಸೆದು ನೋಡಿದ. ಆರೂ ನೆಟ್ಟಗೆ ನಾಟಿದವು.

“ಇನ್ನಾರನ್ನ ಎಳೆದು ತೋರಿಸಿಬಿಡಿ, ಹೊರಡ್ತೀನಿ. ನಾಳೆ ನನ್ನ ಮಗಳ ಕತ್ತಿನ ಮೇಲೇ ಎಳೆಯೋದು. ಈ ಸಲ ಅವಳೇ ರಾಜಕುಮಾರಿ.”

ಅಳತೆಗಾರ ಐದನ್ನು ಎಳೆದ. ಐದೂ ಸರಿ. ಆರನೆಯದು ಕಪ್ಪು ಹಿಡಿಯದು. ಆಗಷ್ಟೇ ಮತ್ತೊಮ್ಮೆ ಅಳೆದಿದ್ದ. ಅಂಗೈಯಲ್ಲಿಟ್ಟ. ಬೆರಳು ಮಡಚಿದ. ಬಿಗಿಯಾಗಿ ಹಿಡಿದ. ಎಳೆದ. ಏನೂ ಅನ್ನಿಸಲಿಲ್ಲ. “ನೋಡಿದ್ರಾ?” ಎಂದು ನಕ್ಕ. ದಳಪತಿ ನಗಲಿಲ್ಲ. ಅವನ ಬಾಯಿ ತೆರೆದೇ ಇತ್ತು. ಇನ್ನೂ ನಂಬಿಕೆ ಬರಲಿಲ್ಲವೇನೋ. ಇನ್ನೊಮ್ಮೆ ಎಳೆದ. ಇನ್ನೂ ಬಿಗಿಯಾಗಿ. ಏನೋ ತೊಟ್ಟಿಕ್ಕುವ ಸದ್ದು. ಟಪ್. ಟಪ್. ನೆಲದ ಮೇಲಿನ ಕಬ್ಬಿಣದ ಪುಡಿ ಒದ್ದೆಯಾಗುತ್ತಿತ್ತು. ದಳಪತಿ ಹಿಂದೆ ಹಿಂದೆ ಸರಿಯುತ್ತಿದ್ದ. ಯಾಕೆ? ಕೆಳಗೆ ನೋಡಿದ. ಮುಷ್ಟಿ ಬಿಚ್ಚಿದ. ಹೆಬ್ಬೆರಳು ಮಾತು ಕೇಳಲಿಲ್ಲ. ತೊಗಲಿನ ಒಂದೇ ಎಳೆಯಲ್ಲಿ ಅದು ನೇತಾಡುತ್ತಿತ್ತು.

ಅಕ್ಕ ಓಡಿ ಬಂದಳು. ಅವಳ ಕೈಯಲ್ಲಿ ಬಿಳಿ ಬಟ್ಟೆಯ ಸುರುಳಿಯಿತ್ತು. ಉದ್ದಕ್ಕೆ ಸೀಳಿ, ಕುದಿಸಿ, ಒಣಗಿಸಿ, ಅಚ್ಚುಕಟ್ಟಾಗಿ ಸುತ್ತಿಟ್ಟ ಬಟ್ಟೆ. ಹಾಗೆ ಸಿದ್ಧ ಮಾಡಲು ಕಡೇಪಕ್ಷ ಒಂದು ದಿನವಾದರೂ ಬೇಕು. ಭಾವ ಅದನ್ನು ಕಸಿದುಕೊಂಡು ಅವನ ಕೈಗೆ ಸುತ್ತಿ ಗಂಟು ಹಾಕಿದರು. ಚಕಚಕನೆ, ಒಂದು ಬೆರಳೂ ತಡವರಿಸದೆ. ಆ ಬೆರಳುಗಳನ್ನು ನೋಡುತ್ತ ನೋಡುತ್ತ ಅವನಿಗೆ ಎಲ್ಲವೂ ಅರ್ಥವಾಗತೊಡಗಿತು.

ಆಸ್ಪತ್ರೆಯಲ್ಲಿ ಹೆಬ್ಬೆರಳು ಉಳಿಯಲಿಲ್ಲ. ಮೂರು ದಿನಗಳ ಮೇಲೆ ಭಾವ ಅವನನ್ನು ಮನೆಗೆ ಕರೆತಂದರು. ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ಅವನು ಕೇಳಿದ್ದು ಒಂದೇ ಪ್ರಶ್ನೆ.

“ಆ ಹಿಡಿಗೆ ಅರಗು ಹೊಯ್ದದ್ದು ಯಾರಕ್ಕ?”

ಒಲೆಯ ಕಡೆ ಮುಖ ಮಾಡಿ ನಿಂತಿದ್ದ ಅಕ್ಕ ತಿರುಗಲಿಲ್ಲ.

“ನಾನೇ. ನಿನ್ನ ಭಾವನ ಕೂದಲು, ಉಗುರು ಒಳಗಿಟ್ಟು ಹೊಯ್ದೆ. ಒಂದು ವರ್ಷದ ಹಿಂದೆ ಅವರೂ ಇದೇ ಹಿಡಿಯನ್ನ ನಿನ್ನ ಹಾಗೇ ನಕ್ಕು ಬಿಚ್ಚಿದ್ರು. ಇನ್ನೊಬ್ಬರಿಗೆ ದಾಟಬೇಕಾದ್ರೆ ಅವರೂ ಎಚ್ಚರಿಕೆ ಕೇಳಬೇಕು, ಕೇಳಿ ನಗಬೇಕು, ನಕ್ಕು ಬಿಚ್ಚಬೇಕು. ಹೇಳದೆ ಬಿಚ್ಚಿಸಿದ್ರೆ ದಾಟಲ್ವಂತೆ.”

“ಹಾಗಾದ್ರೆ ಗುಜರಿಯಮ್ಮ ಹೇಳಿದ್ದು...”

“ನಾನೇ ಹೇಳಿಸಿದ್ದು.”

“ನಿನಗೆ ಬೇರೆ ಯಾರೂ ಸಿಗಲಿಲ್ವಾ?”

“ಯಾರು ಸಿಗ್ತಾರೋ? ಎಲ್ಲರಿಗೂ ಒಳಗೊಳಗೆ ಭಯ ಇರುತ್ತೆ. ನೀನೊಬ್ಬನೇ ಚಿಕ್ಕಂದಿನಿಂದ ಎಲ್ಲದಕ್ಕೂ ನಗ್ತಿದ್ದೆ. ನೀನು ನಗ್ತೀಯ ಅಂತ ನನಗೆ ಗೊತ್ತಿತ್ತು ಕಣೋ.”

ಮಾಟ ಹಿಡಿಯಿತು ಎಂದರೆ ಹೇಗೋ ಸಹಿಸಬಹುದಿತ್ತು. ತನ್ನ ನಗುವನ್ನು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು, ಅದನ್ನೇ ಲೆಕ್ಕ ಹಾಕಿ ತನ್ನನ್ನು ಕರೆಸಿಕೊಂಡದ್ದನ್ನು ಹೇಗೆ ಸಹಿಸುವುದು?

“ಚಾಕು ಕೊಡು. ನಾನೂ ಯಾರಿಗಾದ್ರೂ ದಾಟಿಸ್ತೀನಿ.”

“ನೀನು ಆಸ್ಪತ್ರೆಯಲ್ಲಿದ್ದಾಗ ನದಿಗೆ ಹಾಕಿಬಿಟ್ಟೆ.”

“ಅಕ್ಕಾ!”

“ಮತ್ತೆ ನಿನ್ನ ಭಾವನ ಕೈಗೇ ಬಂದ್ರೆ?” ಎಂದಳು ಅವಳು ಮೆಲ್ಲಗೆ. “ಹೆದರಬೇಡ. ಅವರಿಗೆ ಮಣಿಕಟ್ಟಿಗೇ ನಿಂತಿತ್ತು. ನಿನಗೂ ಅಲ್ಲೇ ನಿಲ್ಲುತ್ತೆ. ಸಾಯೋವರೆಗೂ ನಾನು ನೋಡ್ಕೋತೀನಿ.”

ಅವನು ಎದ್ದು ಬಾಗಿಲಿಗೆ ಹೋದ. ಹೋಗಬೇಕು, ಇನ್ನೊಂದು ಕ್ಷಣವೂ ಇವಳ ಮುಖ ನೋಡಬಾರದು. ಚಿಲಕ ಹಾಕಿತ್ತು. ಬಟ್ಟೆ ಸುತ್ತಿದ ಕೈಯಿಂದ ತಳ್ಳಿದ. ಇನ್ನೊಂದು ಕೈಯಿಂದ ತಡಕಿದ. ಚಿಲಕ ಸಿಕ್ಕಿತೋ ಇಲ್ಲವೋ ಅವನ ಬೆರಳಿಗೆ ತಿಳಿಯಲಿಲ್ಲ. ಮೊಣಕೈಯಿಂದ ಗುದ್ದಿದ, ಭುಜ ಕೊಟ್ಟ, ಹಣೆ ಬಡಿದ. ಹಿಂದೆ ಅಕ್ಕ ಭಾವ ಇಬ್ಬರೂ ನಿಂತು ನೋಡುತ್ತಿದ್ದರು. ಕೊನೆಗೆ ಸೋತು ಬಂದು ಅದೇ ಕುರ್ಚಿಯಲ್ಲಿ ಕುಳಿತ.

ಅಕ್ಕ ಅನ್ನ ಬಡಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಚಮಚ ಬಾಯಿಯ ಬಳಿ ತಂದಳು. ಅವನು ಮುಖ ತಿರುಗಿಸಿದ. ಮತ್ತೆ ತಂದಳು. ಮತ್ತೆ ತಿರುಗಿಸಿದ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಉಣಿಸಲು ಬೇರೆ ಯಾರೂ ಇರಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿ ಬಾಯಿ ತೆರೆದ.

“ಅಯ್ಯೋ, ಏನೇ ಮಾಡ್ತಿದ್ದೀಯ!” ಎಂದು ಭಾವ ಕೂಗಿಕೊಂಡರು. “ಈಗ ತಾನೇ ಒಲೆಯಿಂದ ಇಳಿಸಿದ್ದು! ನಾಲಿಗೆ ಬೆಂದುಹೋಗುತ್ತೆ, ಉಗಿಯೋ, ಉಗಿ!”

ಅವನು ಕಣ್ಣು ತೆರೆದ. ತಟ್ಟೆಯಿಂದ ದಟ್ಟವಾಗಿ ಹಬೆ ಏಳುತ್ತಿತ್ತು. ಅವನು ಇನ್ನೂ ಅಗಿಯುತ್ತಲೇ ಇದ್ದ. ಬಾಯಿಗೆ ಬಿಸಿಯೇ ತಿಳಿದಿರಲಿಲ್ಲ. ಅಕ್ಕನ ಮುಖ ನೋಡಿದ. ಮಣಿಕಟ್ಟಿಗೇ ನಿಲ್ಲುತ್ತೆ ಎಂದಿದ್ದವಳಿಗೆ ಆಶ್ಚರ್ಯವಾಗಿರಲಿಲ್ಲ. ತಲೆ ತಗ್ಗಿಸಿ ಚಮಚವನ್ನು ಮತ್ತೆ ತುಂಬಿಸಿಕೊಂಡು, ಈ ಸಲ ಊದಿ ಊದಿ ಆರಿಸಿದಳು.

“ಇನ್ನೊಂದು ತುತ್ತು ತಗೋ,” ಎಂದಳು.