ಜನರಿಗೆ ಬೆನ್ನು ತಿರುಗಿಸಿದ ಪೆಟ್ಟಿಗೆ

ಆ ಸೋಮವಾರ ಹಗರಿಬೊಮ್ಮನಹಳ್ಳಿಯ ಸಹಕಾರಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಗಂಗಾಂಬಿಕೆ, ಅಜ್ಜಿಯೊಬ್ಬಳಿಗೆ ಸಹಿ ಹಾಕುವ ಜಾಗ ತೋರಿಸುತ್ತಿದ್ದಳು. ಮೇಜಿನ ಮೇಲಿದ್ದ ಫೋನು ನಡುಗಿತು. ಪರದೆಯ ಮೇಲೆ ಮೂಡಿದ ಹೆಸರನ್ನು ಕಂಡು ಅವಳ ಬೆರಳು ಅಲ್ಲಿಯೇ ನಿಂತಿತು.

ಹುಲುಗೇಶ್.

ಮೂರು ವರ್ಷಗಳಿಂದ ಆ ಹೆಸರು ಒಮ್ಮೆಯೂ ಮೂಡಿರಲಿಲ್ಲ. ಅಳಿಸಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಳು... ಅಳಿಸಿರಲಿಲ್ಲ.

"ಗಂಗಾಂಬಿಕಾ ಅವರೇನ್ರಿ?"

ಒಂದು ಕಾಲಕ್ಕೆ 'ಗಂಗಾ' ಎನ್ನುತ್ತಿದ್ದ ಧ್ವನಿ ಅದು. ಈಗ ಗುರುತಿಲ್ಲದವರಂತೆ ಪೂರ್ತಿ ಹೆಸರು ಹಿಡಿದು ಕೇಳುತ್ತಿತ್ತು.

"ಹೂಂ, ಹೇಳ್ರಿ."

"ಒಂಚೂರು ಕುಂತ್ಕೊಳ್ರಿ ಮೊದಲು." ಅವನು ಉಸಿರೆಳೆದುಕೊಂಡ. "ಮಾಸ್ತರು ಹೋಗಿಬಿಟ್ರು. ಇಲ್ಲೇ ಹಡಗಲ್ಯಾಗ, ನಮ್ಮ ಮನ್ಯಾಗ. ಹಾಡ್ತಿದ್ರು. ಹಾಡು ಮುಗಿಸಿ ನೀರು ಕೇಳಿದ್ರು. ನಾನು ನೀರು ತರೋದ್ರಾಗ ಗ್ವಾಡಿಗಿ ಒರಗಿದ್ರು. ಆಸ್ಪತ್ರಿಗಿ ಒಯ್ದ್ವಿ... ಏನೂ ಉಳಿದಿರಲಿಲ್ಲ."

ಗಂಗಾಂಬಿಕೆಗೆ ಅಳು ಬರಲಿಲ್ಲ. ಮೊದಲು ಬಂದದ್ದು ಒಂದು ಪ್ರಶ್ನೆ. ಅದು ಬಂದದ್ದಕ್ಕಾಗಿ ಅವಳು ಆಮೇಲೆ ಬಹಳ ನೊಂದಳು.

"ನಮ್ಮಪ್ಪ ನಿಮ್ಮ ಮನ್ಯಾಗ ಏನು ಮಾಡ್ತಿದ್ರು?"

"ನೀವು ಕೊಟ್ಟೂರಿಗಿ ಹೊಂಡ್ರಿ. ಮಾಸ್ತರನ್ನ ನಾನು ಕರಕೊಂಡು ಬರ್ತೀನಿ."

*

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕುಳಿತಳು. ವಾರವೆಲ್ಲ ಹಗರಿಬೊಮ್ಮನಹಳ್ಳಿಯ ಬಾಡಿಗೆ ಕೋಣೆ, ಶನಿವಾರ ಸಂಜೆ ಕೊಟ್ಟೂರಿನ ಮನೆ... ಮೂರು ವರ್ಷದಿಂದ ಇದು ಅವಳ ಬದುಕು. ಸೋಮವಾರ ಬೆಳಿಗ್ಗೆ ಅವಳು ಬಸ್ಸು ಹತ್ತುವಾಗ ಅಪ್ಪನೂ ಹೆಗಲಿಗೆ ಶಾಲು ಹಾಕಿಕೊಂಡು ಹೊರಡುತ್ತಿದ್ದರು. "ಹಡಗಲ್ಯಾಗ ಪುರಾಣ ಹಚ್ಯಾರವ್ವ, ಕೇಳಿ ಬರ್ತೀನಿ" ಎನ್ನುತ್ತಿದ್ದರು. ಯಾವ ಪುರಾಣ ವರ್ಷಗಟ್ಟಲೆ ನಡೆಯುತ್ತದೆ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಪಾಲಾಕ್ಷಪ್ಪ ಮಾಸ್ತರೆಂದರೆ ಕೊಟ್ಟೂರಿನ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಹಾರ್ಮೋನಿಯಂ ಮುಂದೆ ಕುಳಿತು ಅವರು ಮೊದಲ ಸ್ವರ ಹಿಡಿದರೆ ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತವರೂ ತಿರುಗಿ ನೋಡುತ್ತಿದ್ದರು. ಅವರ ಗಾನ ಬಳಗದಲ್ಲಿ ಎರಡನೆಯ ಕಂಠ ಮಗಳದು, ತಾಳ ಕನಕರಾಜನದು, ಗಿಟಾರು ಹುಲುಗೇಶನದು.

ಹುಲುಗೇಶ್ ಹಡಗಲಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೋಮವಾರ ಅವನಿಗೆ ವಾರದ ರಜೆ. ಬೆನ್ನಿಗೆ ಗಿಟಾರು ಹಾಕಿಕೊಂಡು ತಾಲೀಮಿಗೆ ಬರುತ್ತಿದ್ದ. ಒಂದು ದಿನ ಆ ಗಿಟಾರಿನ ಚೀಲದಿಂದ ಒದ್ದೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಹೊರಬಂತು.

"ಚೀಲದಾಗ ಹೂವಿನ ಅಂಗಡಿ ಇಟ್ಟೀರೇನು?" ಎಂದು ಗಂಗಾಂಬಿಕೆ ನಕ್ಕಿದ್ದಳು.

"ಅಂಗಡಿ ಐತ್ರಿ. ಗಿರಾಕಿ ಒಬ್ಬರs."

ಹಾಗೆ ಶುರುವಾಗಿತ್ತು. ಅಪ್ಪನಿಗೆ ಎಲ್ಲವೂ ತಿಳಿದಿತ್ತು. ಜಾತಿಯ ಮಾತೆತ್ತಿದ ಬಂಧುಗಳಿಗೆ, "ಶ್ರುತಿ ಕೂಡಿದ ಮ್ಯಾಲೆ ಕುಲ ಯಾಕ ಕೇಳ್ತೀರಿ?" ಎಂದಿದ್ದರು. ಬೇಸಿಗೆಯಲ್ಲಿ ಹಡಗಲಿಗೆ ಹೋಗಿ ಹುಡುಗನ ತಾಯಿಯೊಂದಿಗೆ ತಾವೇ ಮಾತಾಡುವುದಾಗಿಯೂ ಹೇಳಿದ್ದರು.

ಅಷ್ಟರಲ್ಲಿ ಗಿಟಾರಿನ ದನಿ ದೊಡ್ಡದು ಮಾಡುವ ಬಳಗದ ಹಳೆಯ ಆಂಪ್ಲಿಫೈಯರ್ ಸುಟ್ಟುಹೋಯಿತು.

*

"ದೊಡ್ಡದು ತರ್ರಿ," ಎಂದಿದ್ದಳು ಗಂಗಾಂಬಿಕೆ. "ಎರಡು ಸ್ಪೀಕರಿಂದು. ಇಟ್ಟಿಗಿ ಊರಾಗಿನ ಕಾರ್ಯಕ್ರಮಕ್ಕ ಹೊಸಪೇಟೆಯಿಂದ ಮಂದಿ ಬರ್ತಾರ. ಅವರಿಗಿ ಹಿಡಿಸಿದ್ರ ನಮ್ಮ ಬಳಗ ದೊಡ್ಡ ಸ್ಟೇಜ್ ಹತ್ತತೈತಿ."

ಅಪ್ಪ ಮತ್ತು ಹುಲುಗೇಶ್ ದಾವಣಗೆರೆಗೆ ಹೋದರು. ಸಂಜೆ ಮರಳಿದಾಗ ಹುಲುಗೇಶನ ಒಂದೇ ಕೈಯಲ್ಲಿ ಒಂದು ಚಿಕ್ಕ ಕಪ್ಪು ಪೆಟ್ಟಿಗೆಯಿತ್ತು.

"ಇದೇನು, ಬುತ್ತಿ ಡಬ್ಬಿ ತಂದೀರೇನು?"

ಕನಕರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಲುಗೇಶನೂ ನಕ್ಕ. ಅಪ್ಪ ಮಾತ್ರ ನಗಲಿಲ್ಲ.

"ಸಣ್ಣದಾದ್ರೂ ನಾದ ಸ್ವಚ್ಛ ಐತ್ರಿ," ಎಂದ ಹುಲುಗೇಶ್. "ಇದರ ಮುಂದ ಒಂದು ಮೈಕ್ ಇಟ್ರ ಆತು. ಜನರಿಗೆ ಊರಿನ ಸೌಂಡ್ ಬಾಕ್ಸಿನಾಗ ಕೇಳ್ತೈತಿ."

ಆದರೆ ಇಟ್ಟಿಗಿಯಲ್ಲಿ ಸೌಂಡಿನವರು ತಂದದ್ದು ಎರಡೇ ಮೈಕು. ಒಂದು ಅಪ್ಪನಿಗೆ, ಒಂದು ಅವಳಿಗೆ. ಅದಕ್ಕಿಂತ ವಿಚಿತ್ರವೆಂದರೆ, ಹುಲುಗೇಶ್ ಆ ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು ಅದರ ಮುಖವನ್ನು ಅಪ್ಪನ ಕಡೆಗೆ ತಿರುಗಿಸಿದ. ಜನರಿಗೆ ಅದರ ಬೆನ್ನು ಕಾಣುತ್ತಿತ್ತು.

"ಜನರ ಕಡೆ ತಿರುಗಿಸ್ರಿ," ಎಂದು ಅವಳು ಪಿಸುಗುಟ್ಟಿದಳು.

"ಹಿಂಗs ಇರಲಿ, ಗಂಗಾ."

ಅಪ್ಪ ಅಂದು ಬಹಳ ಚೆನ್ನಾಗಿ ಹಾಡಿದರು. ಆದರೆ ಹಿಂದಿನ ಸಾಲಿನಿಂದ ಕೂಗು ಬಂತು: "ಗಿಟಾರಿನವಗ ಊಟ ಹಾಕ್ರಲೇ, ಕೈಯಾಗ ಕಸುವs ಇಲ್ಲ." ಜನ ನಕ್ಕರು. ಹೊಸಪೇಟೆಯಿಂದ ಬಂದವರು ಅರ್ಧಕ್ಕೇ ಎದ್ದು ಹೋದರು.

ಕಾರ್ಯಕ್ರಮ ಮುಗಿದ ಮೇಲೆ ಎಲ್ಲರ ಎದುರಿಗೇ ಗಂಗಾಂಬಿಕೆಯ ಮಾತು ಹರಿತವಾಯಿತು.

"ಜನರಿಗೆ ಮುಖ ತೋರಸಾಕ ಹೆದರೋರು ಮನ್ಯಾಗ ಕುಂತು ಬಾರಿಸಬೇಕು. ನಿಮ್ಮ ಅಂಜಿಕಿಗೆ ನಮ್ಮಪ್ಪನ ಬಳಗ ಮುಳುಗಿಸಬ್ಯಾಡ್ರಿ. ಇನ್ನ ನಮ್ಮ ಮನಿಗಿ ಬರಬ್ಯಾಡ್ರಿ."

ಹುಲುಗೇಶ್ ಒಮ್ಮೆ ಅಪ್ಪನ ಕಡೆ ನೋಡಿದ. ಅಪ್ಪ ತಲೆ ತಗ್ಗಿಸಿ ಹಾರ್ಮೋನಿಯಮ್ಮಿಗೆ ಬಟ್ಟೆ ಸುತ್ತುತ್ತಿದ್ದರು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

"ಆತ್ರಿ," ಎಂದು ಹುಲುಗೇಶ್ ಪೆಟ್ಟಿಗೆಯನ್ನೆತ್ತಿಕೊಂಡು ಹೋದ.

ಬಳಗ ಅಂದಿಗೇ ಮುರಿಯಿತು. ಅಪ್ಪ ಮತ್ತೆ ಮನೆಯಲ್ಲಿ ಹಾಡಲಿಲ್ಲ. ಮಗಳ ಮದುವೆಯ ಮಾತೂ ಎತ್ತಲಿಲ್ಲ. ಅವನಿಗಾಗಿ ಅಪ್ಪ ಒಂದು ಮಾತನ್ನಾದರೂ ಏಕೆ ಆಡಲಿಲ್ಲ? ಆ ಪ್ರಶ್ನೆ ಅವಳೊಳಗೆ ಹಾಗೆಯೇ ಉಳಿದಿತ್ತು.

*

ಮಧ್ಯಾಹ್ನದ ಹೊತ್ತಿಗೆ ಗಾಡಿ ಕೊಟ್ಟೂರಿನ ಮನೆಯ ಮುಂದೆ ನಿಂತಿತು. ಅಪ್ಪನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹುಲುಗೇಶ್ ಕುಳಿತಿದ್ದ. ಅವನ ಕಿವಿಯ ಬಳಿ ಒಂದೆರಡು ಬಿಳಿ ಕೂದಲು ಕಾಣುತ್ತಿದ್ದವು. ಗಂಗಾಂಬಿಕೆಯನ್ನು ನೋಡಿ ಅವನು ಕಣ್ಣು ತಗ್ಗಿಸಿದ.

ಸಂಪ್ರದಾಯದಂತೆ ಪಾಲಾಕ್ಷಪ್ಪನವರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ರುಮಾಲು ಸುತ್ತಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ಹಾಡಲು ಕುಳಿತಂತೆಯೇ ಕಾಣುತ್ತಿದ್ದರು. ಮುಂದೆ ಹಾರ್ಮೋನಿಯಂ ಒಂದು ಇರಲಿಲ್ಲ, ಅಷ್ಟೆ.

ಹುಲುಗೇಶ್ ಗಾಡಿಯಿಂದ ಗಿಟಾರನ್ನೂ ಆ ಕಪ್ಪು ಪೆಟ್ಟಿಗೆಯನ್ನೂ ಇಳಿಸಿದ. ತಾಯಿಯ ತಮ್ಮ ಸೋಮಶೇಖರನ ಹುಬ್ಬು ಗಂಟಾಯಿತು.

"ಸಾವಿನ ಮನಿಗಿ ಡಬ್ಬಿ ಹೊತ್ಕೊಂಡು ಬಂದಾನಲ್ಲ, ಯಾರವ?"

"ನಮ್ಮ ಮನಿಯವ," ಎಂದರು ತಾಯಿ ನಾಗಲಿಂಗಮ್ಮ. ಅಳುತ್ತಿದ್ದರೂ ಅವರ ಮಾತು ಗಟ್ಟಿಯಾಗಿತ್ತು. "ನೀ ಸರದು ಕುಂದ್ರು, ಸೋಮಣ್ಣ. ಅವಗ ಜಾಗ ಬಿಡು."

ಗಂಗಾಂಬಿಕೆ ಹಿತ್ತಲಿಗೆ ಎದ್ದುಹೋದಳು. ಕೈ ತೊಳೆಯಲು ಹುಲುಗೇಶನೂ ಅಲ್ಲಿಗೇ ಬಂದ.

"ಎಷ್ಟು ದಿನದಿಂದ ಬರ್ತಿದ್ರು?"

"ಪ್ರತಿ ಸೋಮವಾರ."

"ಯಾಕ?"

"ಹಾಡಾಕ."

"ಹಾಡಾಕ ಮನಿ ಇರಲಿಲ್ಲೇನು ಅವರಿಗಿ? ಮಗಳು ಇರಲಿಲ್ಲೇನು?" ಅವಳು ಅವನಿಗೆ ಎದುರಾಗಿ ನಿಂತಳು. "ನನ್ನ ಮುಂದ ಬಾಯಿ ತೆಗೀಲಾರದವರು ನಿಮ್ಮ ಮುಂದ ಹಾಡಿ ಹೋದ್ರು. ನನ್ನ ಮ್ಯಾಲಿನ ಸಿಟ್ಟು ಹಿಂಗ ತೀರಿಸಿಕೊಂಡ್ರೇನು ನೀವು?"

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಮಾತು ಕೊಟ್ಟೀನ್ರಿ. ಹೇಳಾಂಗಿಲ್ಲ."

"ಮಾತು ತಗೊಂಡವರs ಹೋದ್ರಲ್ಲೋ, ತಮ್ಮಾ." ಬಾಗಿಲಲ್ಲಿ ನಾಗಲಿಂಗಮ್ಮ ನಿಂತಿದ್ದರು. "ಇನ್ನ ಯಾರಿಗಿ ಕಾಯ್ತಿ ಅದನ್ನ?"

ಅವರು ಮಗಳ ಹತ್ತಿರ ಬಂದು ಅವಳ ಕೈ ಹಿಡಿದರು.

"ನಿಮ್ಮಪ್ಪಗ ಬಲಗಿವಿ ಪೂರಾ ಹೋಗಿತ್ತವ್ವ. ಎಡಗಿವಿ ಅರ್ಧ ಉಳಿದಿತ್ತು. ಹಾಡೋನಿಗಿ ಕಿವಿ ಇಲ್ಲಂದ್ರ ಯಾರು ಕರೀತಾರ ಅಂತ ಅಂಜಿದ್ರು. ನಿನಗ ಗೊತ್ತಾಗಬಾರದು ಅಂತ ಇನ್ನೂ ಅಂಜಿದ್ರು. ನಿನ್ನ ಕಣ್ಣಾಗ ಸಣ್ಣವನಾಗ್ತೀನಿ ಅಂದ್ರು."

ಗಂಗಾಂಬಿಕೆಗೆ ಒಂದೊಂದೇ ನೆನಪಾಯಿತು. ಕರೆದಾಗ ಅಪ್ಪ ತಿರುಗದಿದ್ದ ಸಂಜೆಗಳು... ಊಟಕ್ಕೆ ಕುಳಿತಾಗ ಅವಳು ಯಾವಾಗಲೂ ತಮ್ಮ ಎಡಕ್ಕೇ ಕೂಡಬೇಕೆಂದು ಅವರು ಹಟ ಹಿಡಿಯುತ್ತಿದ್ದುದು... ಅದನ್ನೆಲ್ಲ ಮುಪ್ಪಿನ ಮರವೆ, ಮುಪ್ಪಿನ ಹಟ ಎಂದುಕೊಂಡಿದ್ದಳು.

"ಅಂಗಡ್ಯಾಗ ಮೊದಲು ದೊಡ್ಡದs ಹಚ್ಚಿಸಿದ್ದೆ," ಹುಲುಗೇಶ್ ಮೆಲ್ಲಗೆ ಹೇಳಿದ. "ನೀವು ಹೇಳಿದ್ದs. ಭಾಳ ಚಂದ ಇತ್ತು. ಮಾಸ್ತರು ಅದರ ಕೂಡ ಹಾಡಿ ನೋಡಿದ್ರು. ಆ ಗದ್ದಲದಾಗ ಅವರ ಸ್ವರ ಅವರಿಗೇ ಸಿಗಲಿಲ್ಲ, ಶ್ರುತಿ ಬಿಟ್ಟುಹೋತು. ಮುಖ ನೋಡಲಾರದಂಗ ಆಗಿತ್ರಿ. ಒಂದಕ್ಕಿಂತ ಒಂದು ಸಣ್ಣದು ಹಚ್ಚಿ ನೋಡ್ತಾ ಬಂದ್ವಿ. ಕಡೀಕ ಇದನ್ನ ಸ್ಟೂಲಿನ ಮ್ಯಾಲಿಟ್ಟು ಎಡಗಿವಿ ಕಡೆ ತಿರುಗಿಸಿದೆ. 'ಲೇ ಹುಲುಗೇಶಾ, ನನ್ನ ಷಡ್ಜ ಸಿಕ್ತಲೇ' ಅಂದ್ರು. ಅದಕ್ಕs ಇದನ್ನ ತಂದೆ."

"ಅವತ್ತು ಇಟ್ಟಿಗ್ಯಾಗ... ನಾನು ಅಷ್ಟು ಅಂದಾಗ... ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲ," ಎಂದಳು ಗಂಗಾಂಬಿಕೆ.

"ಹೇಳಿದ್ರ ನಿಮ್ಮ ಮುಂದ ನಾನು ಉಳೀತಿದ್ದೆ. ಮಾಸ್ತರು ಉಳೀತಿರಲಿಲ್ಲ."

"ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನಾ ಅಂತಿದ್ರವ್ವ," ಎಂದರು ನಾಗಲಿಂಗಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ನಿನ್ನೆ ರಾತ್ರಿನೂ ಅಂದ್ರು. 'ಮಗಳ ಸಂಸಾರ ನನ್ನ ಬಾಯಾಗ ಸಿಕ್ಕೊಂಡೈತಿ, ನಾಗಿ. ಬರೋ ಶನಿವಾರ ಬಂದಾಗ ಹೇಳಿಬಿಡ್ತೀನಿ' ಅಂದ್ರು. ನಾನರs ಹೇಳಬೇಕಿತ್ತು. ಗಂಡನ ಮಾನ ಅಂತ ಸುಮ್ಮಕಿದ್ದೆ."

ಅಪ್ಪ ಅಭಿಮಾನಕ್ಕಾಗಿ, ಅವ್ವ ಅಪ್ಪನಿಗಾಗಿ, ಅವನು ಕೊಟ್ಟ ಮಾತಿಗಾಗಿ ಸುಮ್ಮನಿದ್ದರು. ಅಂದು ಇಟ್ಟಿಗಿಯಲ್ಲಿ ಮಾತಾಡಿದವಳು ತಾನೊಬ್ಬಳೇ. ಗಂಗಾಂಬಿಕೆ ಬಾವಿಕಟ್ಟೆಯ ಮೇಲೆ ಕುಸಿದು ಕುಳಿತು ಆಗ ಅತ್ತಳು.

*

ಭಜನೆಯವರು ಬಂದು ಕುಳಿತರು. ತಾಳ ಕೈಯಲ್ಲಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಇಂಥ ಮನೆಗಳಲ್ಲಿ ಮೊದಲ ಸೊಲ್ಲು ಎತ್ತುತ್ತಿದ್ದವರು ಪಾಲಾಕ್ಷಪ್ಪ ಮಾಸ್ತರು. ಈಗ ಎತ್ತುವವರು ಯಾರು?

"ನಾನು ಎತ್ತತೀನಿ," ಎಂದಳು ಗಂಗಾಂಬಿಕೆ.

ಮೂರು ವರ್ಷದಿಂದ ಹಾಡದ ಗಂಟಲು. ಶಿವನಾಮದ ಮೊದಲ ಅಕ್ಷರಕ್ಕೇ ಸ್ವರ ತಪ್ಪಿತು. ಮತ್ತೆ ಎತ್ತಿದಳು, ಮತ್ತೆ ತಪ್ಪಿತು. ಹೆಂಗಸರು ಸೆರಗು ಬಾಯಿಗೆ ಹಿಡಿದು ಬಿಕ್ಕಿದರು.

ಆಗ ಹುಲುಗೇಶ್ ಎದ್ದ. ಮೂಲೆಯಿಂದ ಒಂದು ಸ್ಟೂಲು ತಂದು ಅದರ ಮೇಲೆ ಪೆಟ್ಟಿಗೆಯನ್ನಿಟ್ಟ. ವೈರು ಜೋಡಿಸಿ ಗಿಟಾರು ಹಿಡಿದ. ಅವನ ಕೈ, ಯೋಚಿಸದೆ, ರೂಢಿಯ ಬಲದಿಂದ, ಪೆಟ್ಟಿಗೆಯ ಮುಖವನ್ನು ತಿರುಗಿಸಿತು. ಗೋಡೆಗೊರಗಿ ಕುಳಿತಿದ್ದ ಮಾಸ್ತರ ಎಡಗಿವಿಯ ಕಡೆಗೆ.

"ಲೇ, ಜನರ ಕಡೆ ತಿರುಗಿಸು. ಹಾಡೋರಿಗಿ ಕೇಳಬೇಕಲ್ಲ," ಎಂದ ಸೋಮಶೇಖರ.

ಹುಲುಗೇಶ್ ತಾನು ಮಾಡಿದ್ದನ್ನು ಆಗ ಕಂಡ. ಪೆಟ್ಟಿಗೆಯನ್ನು ತಿರುಗಿಸಲು ಕೈ ಚಾಚಿದ.

ಗಂಗಾಂಬಿಕೆ ಆ ಕೈ ಹಿಡಿದಳು. ನೆರೆದವರೆಲ್ಲರ ಎದುರಿಗೆ.

"ಹಿಂಗs ಇರಲಿ, ಮಾವ. ಅಪ್ಪಗ ಕೇಳಲಿ."

ಅವನು ಷಡ್ಜ ಹಿಡಿದ. ಅವಳಿಗೆ ಶ್ರುತಿ ಸಿಕ್ಕಿತು. ಅಪ್ಪನ ಪಕ್ಕದಲ್ಲಿ, ಅಪ್ಪನ ಎಡಕ್ಕೆ ಕುಳಿತು ಗಂಗಾಂಬಿಕೆ ಹಾಡಿದಳು.

*

ಹೊತ್ತು ಮುಳುಗುವ ಮುಂಚೆ ಸಮಾಧಿ ಮಾಡಿ ಬಂದರು. ಅಂಗಳ ಬರಿದಾಗಿತ್ತು. ಹುಲುಗೇಶ್ ಕಟ್ಟೆಯ ಮೇಲೆ ಕುಳಿತು ಗಿಟಾರಿನ ಚೀಲದ ಜಿಪ್ಪು ಎಳೆಯುತ್ತಿದ್ದ. ಗಂಗಾಂಬಿಕೆ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು.

"ನನ್ನ ಮಾತು ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ," ಎಂದಳು. "ಅಪ್ಪನ ಮುಂದ ತಪ್ಪಾತು ಅನ್ನಾಕ ಹೊತ್ತು ಮೀರಿತು. ನಿಮ್ಮ ಮುಂದರs ಅಂತೀನಿ. ತಪ್ಪಾತ್ರಿ."

ಅವನು ನೀರು ಕುಡಿದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನನ್ನದೂ ಐತಿ. ಬರಬ್ಯಾಡ ಅಂದ್ರಿ ಅಂತ ಬರದs ಇದ್ದೆ. ಒಮ್ಮೆರs ಬಾಗಿಲು ಬಡೀಬೇಕಿತ್ತು. ಬಡಿದಿದ್ರ ಮಾಸ್ತರಿಗೆ ಅಷ್ಟು ದೂರದ ಬಸ್ಸಿನ ದಣಿವು ತಪ್ತಿತ್ತು."

"ಫೋನಿನಾಗ ನಿಮ್ಮ ಹೆಸರು ಅಳಿಸಿರಲಿಲ್ಲ ನಾನು."

"ಮಾಸ್ತರು ಪ್ರತಿ ವಾರ ಕೇಳ್ತಿದ್ರು, ನೀ ಅವಳನ್ನ ಮರತ್ಯೇನಲೇ ಅಂತ. ನಾನು ಗಿಟಾರ್ ಶ್ರುತಿ ಮಾಡಿಕೋತ ಕುಂದ್ರುತಿದ್ದೆ. ಅವರು ನಕ್ಕೋತ ಸುಮ್ಮಕಾಗ್ತಿದ್ರು."

ಅವಳ ಕಣ್ಣು ಮತ್ತೆ ತುಂಬಿದವು.

"ಮುಂದಿನ ಸೋಮವಾರ... ಅಪ್ಪನ ಬದಲಿ ನಾನು ರಜಾ ಹಾಕಿ ಹಡಗಲಿಗಿ ಬರ್ಲೇನು?"

"ಬ್ಯಾಡ."

ಅವಳು ಲೋಟ ತೆಗೆದುಕೊಂಡು ಒಳಗೆ ತಿರುಗಿದಳು.

"ನಾನs ಇಲ್ಲಿಗಿ ಬರ್ತೀನಿ," ಎಂದ ಅವನು. ಕಪ್ಪು ಪೆಟ್ಟಿಗೆಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ. "ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಇದು ಇರಬೇಕಾಗಿದ್ದ ಮನಿ ಇದು, ಗಂಗಾ."

ಮೂರು ವರ್ಷದ ಮೇಲೆ ಕಿವಿಗೆ ಬಿದ್ದಿತ್ತು ಆ ಎರಡಕ್ಷರ. ಅವಳು ಪೆಟ್ಟಿಗೆಯನ್ನು ಎತ್ತಿಕೊಂಡಳು.

"ಯಾವ ಕಡೆ ಮುಖ ಮಾಡಿ ಇಡ್ಲಿ?"

"ಹಾರ್ಮೋನಿಯಂ ಕಡೆ."

ಒಳಗೆ ನಾಗಲಿಂಗಮ್ಮ ದೀಪ ಹಚ್ಚಿದರು. ಇಬ್ಬರೂ ಎದ್ದು ಹೋಗಿ ಅದರ ಮುಂದೆ ಕೈ ಮುಗಿದು ನಿಂತರು.

ಕೊಟ್ಟೂರು ಬಸವೇಶ್ವರಾ, ಒಂದು ಸ್ವರ ಕೇಳುವುದಕ್ಕಾಗಿ ಊರಿಂದೂರಿಗೆ ಅಲೆದು ದಣಿದ ಜೀವ ಇಂದು ನಿನ್ನ ಬಳಿಗೆ ಬಂದಿದೆ. ನಿನ್ನ ಸನ್ನಿಧಿಯಲ್ಲಿ ಅದಕ್ಕೆ ಎಲ್ಲವೂ ತಿಳಿಯಾಗಿ ಕೇಳಿಸಲಿ. ಆಡಲಾಗದೆ ಉಳಿದ ಮಾತಿನ ಭಾರವನ್ನು ಅದರ ಹೆಗಲಿನಿಂದ ಇಳಿಸು, ತಂದೆ. ಅದಕ್ಕೆ ಶಾಂತಿಯನ್ನು ಕೊಡು.