ದಲ್ಲಾಳಿ ಮಾತಾಡದ ಮನೆ

"ಏನು ಹೇಳೋದಿದ್ರೂ ಇಲ್ಲೇ, ಬೀದೀಲೇ ಹೇಳಿಬಿಡಿ. ಒಳಗೆ ಹೋದ್ಮೇಲೆ ನಾನು ತುಟಿ ಬಿಚ್ಚಲ್ಲ," ಎಂದಳು ಮನೆ ದಲ್ಲಾಳಿ, ಬೀಗದ ಕೈ ಕೊಡುವ ಮುನ್ನ. "ನೀವೂ ಒಳಗೆ ಸುಳ್ಳಾಡಬೇಡಿ. ನಿಮ್ಮಕ್ಕನಿಗೆ ಈ ಮನೆ ಮಾರಿದ ಹಿಂದಿನ ಒಡತಿಗೆ ಯಾರೋ ಮೋಸ ಮಾಡಿದ್ರಂತೆ. ಆಕೆ ಹೊಸ್ತಿಲ ಕೆಳಗೆ ತಾಮ್ರದ ತಗಡು ಹೂಳಿಸಿ ಮಾಟ ಮಾಡಿಸಿದಾಳೆ. ಇಲ್ಲಿ ಆಡಿದ ಸುಳ್ಳು ನಿಜ ಆಗುತ್ತೆ."

ಮಾರಲು ಬಂದವನು ನಕ್ಕ. "ಹಾಗಾದ್ರೆ ನಾನು ಕೋಟ್ಯಧೀಶ ಅಂತ ಕೂಗ್ಬಿಡ್ಲಾ?"

"ಒಳ್ಳೇದು ಯಾವುದೂ ನಿಜ ಆಗಿದ್ದು ನಾನು ನೋಡಿಲ್ಲ ಸ್ವಾಮಿ."

ಮನೆ ಅವನದಲ್ಲ, ಅಕ್ಕನದು. ಪರದೇಶದ ಈ ಊರಲ್ಲಿ ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದು ಕೊಂಡದ್ದು. ತಮ್ಮನನ್ನು ಓದಿಸಿದ್ದೂ ಅದೇ ಯಂತ್ರ. ಮಂಡಿ ಸೋತ ಮೇಲೆ ಅವಳು ತಾಯ್ನಾಡಿಗೆ ಮರಳಿ ಅವನ ಜೊತೆಯಲ್ಲೇ ಇದ್ದಳು. ಮನೆ ಮಾರು ಎಂದು ಕೇಳಲು ಇವನಿಗೆ ಬಾಯಿ ಬರಲಿಲ್ಲ. ಅವಳ ಹೆಸರಲ್ಲಿ ಸುಳ್ಳು ಮರಣಪತ್ರ ಮಾಡಿಸಲು ಮಾತ್ರ ಕೈ ಬಂತು. ವಾರಸುದಾರನಾಗಿ ವಿಮಾನ ಹತ್ತಿದ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಹೊರಡುವ ದಿನ ಅವನ ಅಂಗಿಗೆ ಗುಂಡಿ ಹಾಕಿಕೊಟ್ಟವಳೂ ಅವಳೇ. ಅದು ನೆನಪಾದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.

ಮಟಮಟ ಮಧ್ಯಾಹ್ನ ಕೊಳ್ಳುವ ಗಂಡಹೆಂಡತಿ ಬಂದರು. ಹೊರಗೆ ಉರಿಬಿಸಿಲು, ಒಳಗೆ ಮಬ್ಬುಗತ್ತಲು. ಹಳೆ ಬಟ್ಟೆಯ, ಯಂತ್ರದೆಣ್ಣೆಯ ಕಮಟು. ಹೆಂಡತಿ ಗೋಡೆಯ ಹತ್ತಿರ ಹೋಗಿ ಮೂಸಿದಳು.

"ಗೋಡೆ ನೀರು ಕುಡಿದಿದ್ಯಾ?"

"ಛೇ, ಇಲ್ಲಮ್ಮ. ಎಲ್ಲೋ ಇಲಿ ಸತ್ತಿರಬೇಕು."

ಬಾಯಿ ಮುಚ್ಚುವಷ್ಟರಲ್ಲಿ ಕೊಳೆತ ನಾತ ಗಪ್ಪೆಂದು ಮುಖಕ್ಕೆ ರಾಚಿತು. ಕಪಾಟಿನ ಬಾಗಿಲು ತಾನಾಗಿ ಸರಿಯಿತು. ಒಳಗೆ ಇಲಿ, ಊದಿಕೊಂಡು, ಹುಳು ಬಿದ್ದು. ಗಂಟೆಯ ಹಿಂದಷ್ಟೇ ಅವನು ಒರೆಸಿಟ್ಟ ಕಪಾಟು ಅದು. ಕಾಕತಾಳೀಯ ಎಂದುಕೊಂಡ. ದಲ್ಲಾಳಿ ನೆಲ ನೋಡುತ್ತ ನಿಂತಿದ್ದಳು.

ಮುಜುಗರ ತಪ್ಪಿಸಲೆಂದು ಗಂಡ ಮಾತು ಬದಲಿಸಿದ. "ನಿಮ್ಮ ಅಕ್ಕ ಹೇಗೆ ಹೋದ್ರು?"

"ಉಸಿರು ಕಟ್ಟಿ. ಒಂದು ಮಾತೂ ಆಡಕ್ಕಾಗಲಿಲ್ಲ, ಪಾಪ." ಕಣ್ಣೊರೆಸಿಕೊಂಡದ್ದೂ ಆಯಿತು.

ಫೋನು ಹೊಡೆದುಕೊಂಡಿತು. ಊರಿನಿಂದ ಅವನ ಹೆಂಡತಿ. "ರೀ, ಅಕ್ಕಂಗೆ ಉಸಿರೇ ಬರ್ತಿಲ್ಲ. ಈಗ ತಾನೇ ಚೆನ್ನಾಗಿ ಕೂತಿದ್ರು. ಮುಖ ನೀಲಿ ಆಗ್ತಿದೆ. ಸ್ಪೀಕರ್ ಹಾಕಿದೀನಿ, ಒಂಚೂರು ಮಾತಾಡ್ಸಿ."

ಅವಳ ಕೂಗು ಕೋಣೆಗೆಲ್ಲ ಕೇಳಿಸಿತು. ದಲ್ಲಾಳಿ ಚೀಟಿಯೊಂದರಲ್ಲಿ ಗೀಚಿ ಅವನ ಕಣ್ಣ ಮುಂದೆ ಹಿಡಿದಳು: 'ಯಾರ ಮುಂದೆ ಸುಳ್ಳಾಡಿದಿರೋ ಅವರ ಮುಂದೆಯೇ ನಿಜ ಹೇಳಿ. ಇಲ್ಲೇ. ಈಗಲೇ.'

ಅವನು ಆ ಇಬ್ಬರ ಮುಖ ನೋಡಿದ. ಥೂ, ಆ ಹೊತ್ತಿನಲ್ಲೂ ಅವನಿಗೆ ತನ್ನ ಮಾನದ್ದೇ ಚಿಂತೆ. "ಒಂದು ಸಣ್ಣ ತಪ್ಪು ತಿಳುವಳಿಕೆ ಆಗಿದೆ," ಎಂದ.

ಫೋನಿನಲ್ಲಿ ಗೊರಗೊರ ಸದ್ದು. ಕೋಣೆ ಇನ್ನಷ್ಟು ಕಪ್ಪಾಯಿತು. ನಾತ ಏರಿತು. ಗೊರಗೊರ. ಹೆಂಡತಿಯ ಅಳು. ಗೊರ. ಆಮೇಲೆ ಅದೂ ಇಲ್ಲ.

ಅವನು ಕುಸಿದು ಕೂತ. "ಅಕ್ಕ ಬದುಕಿದಾಳೆ. ಮನೆ ಅವಳದು. ಕಾಗದ ಸುಳ್ಳು. ನಾನು ಕಳ್ಳ. ಕೇಳೋಕೆ ಮುಖ ಇರ್ಲಿಲ್ಲ, ಅದಕ್ಕೇ ಸಾಯಿಸ್ಬಿಟ್ಟೆ."

ಗಂಡಹೆಂಡತಿ ಹೇಸಿಗೆ ತುಳಿದವರಂತೆ ಹಿಂದೆ ಸರಿದರು. ಫೋನಿನಲ್ಲಿ ಒಂದು ದೀರ್ಘ ಉಸಿರು. ಕೆಮ್ಮು. ಮತ್ತೊಂದು ಉಸಿರು.

"ಅಕ್ಕಾ," ಎಂದ ಅವನು, ಅಳುತ್ತ.

"ಎಲ್ಲಾ ಕೇಳಿಸ್ತಪ್ಪ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. "ಬಾಯಿಬಿಟ್ಟು ಕೇಳಿದ್ರೆ ಕೊಡ್ತಿರ್ಲಿಲ್ವಾ? ಮನೆ ತಗೋ, ರುಜು ನಾನೇ ಹಾಕಿ ಕಳಿಸ್ತೀನಿ. ಆದ್ರೆ ನೀನು ಬರೋ ಹೊತ್ತಿಗೆ ನಾನು ಇಲ್ಲಿರಲ್ಲ. ಹುಡುಕ್ಬೇಡ. ನಿನ್ನ ಪಾಲಿಗೆ ನಾನು ಸತ್ತೆ."