ಸೂರ್ಯ ಮುಳುಗದ ಊರಲ್ಲಿ ಮುಳುಗಿದವನು

"ಹಿಂದಕ್ಕ ಸರೀಬ್ಯಾಡ್ರಿ ಮೇಡಂ... ಅಲ್ಲಿ ಪಾಚಿ ಐತಿ."

ಹೀಗೆ ಹೇಳಿದವನ ಕೈಯಲ್ಲಿ ದೊಡ್ಡ ಮೀನು ಎಳೆಯುವ ಕಬ್ಬಿಣದ ಕೊಕ್ಕೆ. ಅದರ ಮೊನೆ ನನ್ನ ಕುತ್ತಿಗೆಯಿಂದ ಗೇಣು ದೂರ.

ನನ್ನ ಬೆನ್ನ ಹಿಂದೆ ಬಂಡೆ ಮುಗಿದಿತ್ತು. ಕೆಳಗೆ ನಾರ್ವೆಯ ಸಮುದ್ರ. ಹಸಿರು, ಚಂದ, ಕೊರೆಯುವ ತಣ್ಣೀರು. ಈಜು ಬರುವವರೂ ಅದರಲ್ಲಿ ಉಳಿಯಲ್ಲವಂತೆ.

ನನಗೆ ಈಜೂ ಬರಲ್ಲ!

ಕೊಲ್ಲೋಕೆ ನಿಂತವನೇ ಜಾರಬೇಡಿ ಅಂತಾನೆ. ನಮ್ಮ ಕಲಬುರಗಿ ಕಡೆಯವರ ಮರ್ಯಾದೆ ನೋಡಿ!

ನಾನು ಶಾಂಭವಿ. ಡಿಟೆಕ್ಟಿವ್. ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳ ಸಂದಿಯಲ್ಲಿ ನನ್ನದೂ ಒಂದು ಬೋರ್ಡಿದೆ. ಓಡಿಹೋದ ಗಂಡಂದಿರನ್ನು ಹುಡುಕೋದು ನನ್ನ ಕಸುಬು.

ಸತ್ತ ಗಂಡನನ್ನು ಹುಡುಕಿದ್ದು ಇದೇ ಮೊದಲು.

ಕಳಿಸಿದವರು ನಾರಾಯಣಗೂಡದ ನಲಿನಿ. ಆಫೀಸಿಗೆ ಬಂದವರೇ ಮೊಬೈಲ್ ಮುಂದಿಟ್ಟರು. ಯಾರೋ ಹೈದರಾಬಾದಿನ ಹುಡುಗಿ ನಾರ್ವೆ ಟೂರಿನಲ್ಲಿ ತೆಗೆದ ವಿಡಿಯೋ. ಮುಂದೆ ಅವಳ ನಗು, ಹಿಂದೆ ಪುಟ್ಟ ಬಂದರು. ಅಲ್ಲೊಬ್ಬ ಬಲಗೈಯನ್ನು ತಲೆಯ ಮೇಲಿಂದ ಸುತ್ತಿ ಎಡಗಿವಿ ಕೆರೆದುಕೊಳ್ಳುತ್ತಿದ್ದ.

"ಹಂಗ ಕಿವಿ ಕೆರಕೊಳ್ಳೋ ಮನಷ್ಯಾ ಲೋಕದಾಗ ಒಬ್ಬನೇ ಅದಾನ್ರಿ. ನಮ್ಮನೆಯವ್ರು. ಹೋದ ವರ್ಷ ಮುಳುಗಿ ಸತ್ತಾರ."

"ಬದುಕಿದ್ರ ಸಂತೋಷ ಅಲ್ಲೇನ್ರಿ?"

"ಭಾಳ ಸಂತೋಷ. ಅವ್ರು ಸತ್ತಿದ್ರ ನಾ ಜೈಲಿಗೆ ಹೋಗ್ತೀನಿ!"

ವಿಷಯ ಇಷ್ಟು. ಗಂಡ ನರಹರಿ ಅಮೀರ್‌ಪೇಟ್‌ನಲ್ಲಿ ಲೇಡೀಸ್ ಹಾಸ್ಟೆಲ್ ನಡೆಸುತ್ತಿದ್ದ. ಹುಡುಗಿಯರು ಹೇಳದೆ ಹೊರಗೆ ಹೋಗ್ತಾರೆ ಅಂತ ಹಿಂದಿನ ಮೆಟ್ಟಿಲಿಗೆ ಬೀಗ ಜಡಿದ. ಒಂದು ದಿನ ಅಡುಗೆಮನೆಯಲ್ಲಿ ಬೆಂಕಿ ಹೊತ್ತಿತು. ಮುಂದೆ ಬೆಂಕಿ... ಹಿಂದೆ ಬೀಗ...

ಇಬ್ಬರು ಹೋದರು. ಒಬ್ಬಳು ಲಿಂಗಸುಗೂರಿನ ಭಾಗ್ಯಶ್ರೀ. ಜಾವಾ ಕೋರ್ಸ್ ಮಾಡಲು ಬಂದವಳು.

ಹಾಸ್ಟೆಲ್ ಲೈಸೆನ್ಸ್ ಮಾತ್ರ ನಲಿನಿ ಹೆಸರಲ್ಲಿ! ಪಾಪ, ಆಕೆ ಒಂದು ದಿನವೂ ಆ ಮೆಟ್ಟಿಲು ಹತ್ತಿದವರಲ್ಲ. ಕೇಸು ಬಿಗಿಯಾಗುವ ಹೊತ್ತಿಗೆ ನರಹರಿ ಟೂರು ಹೋದ. ಸಮುದ್ರದ ದಂಡೆಯಲ್ಲಿ ಅವನ ಶೂ ಸಿಕ್ಕಿತು, ಕೋಟು ಸಿಕ್ಕಿತು. ಅವನು ಸಿಗಲಿಲ್ಲ.

"ಬೀಗ ಹಾಕಿದ್ದು ಅವ್ರು" ಅಂತ ನಲಿನಿ ಅತ್ತರೆ, "ಸತ್ತವರ ಮೇಲೆ ಹಾಕಬೇಡಮ್ಮಾ" ಅಂದರಂತೆ ಎಲ್ಲರೂ.

ವಿಮಾನ, ರೈಲು, ದೋಣಿ... ಸ್ಕಾರ್ವಿಕ್ ಎಂಬ ಊರಿಗೆ ಬಂದಿಳಿದೆ. ಅಮೀರ್‌ಪೇಟ್ ಮೆಟ್ರೋದ ಒಂದು ಬೋಗಿಯಲ್ಲಿ ಇಡೀ ಊರು ಕೂತು, ಇನ್ನೂ ಸೀಟು ಉಳಿದೀತು! ನೀರಿನಿಂದ ನೆಟ್ಟಗೆ ಎದ್ದ ಬೆಟ್ಟ. ಅದರ ನೆತ್ತಿಯಲ್ಲಿ ಬೇಸಿಗೆಯಲ್ಲೂ ಕರಗದ ಹಿಮ. ಕೆಳಗೆ ಕೆಂಪು ಮರದ ಮನೆಗಳು. ಸಾಲು ಸಾಲು ಮರದ ಚೌಕಟ್ಟುಗಳಲ್ಲಿ ಬಟ್ಟೆ ಒಣಹಾಕಿದ ಹಾಗೆ ಮೀನು.

ನಾನು ಲಿಂಗಾಯತರ ಮನೆ ಹುಡುಗಿ. ಆ ವಾಸನೆಗೆ ಕರ್ಚೀಫು ಕಟ್ಟಿಕೊಂಡೇ ತನಿಖೆ ಶುರು ಮಾಡಿದೆ.

ತನಿಖೆ ಅಂದರೆ ಒಂದೇ ಪ್ರಶ್ನೆ. ಕಾಫಿ ಅಂಗಡಿಯ ಅಜ್ಜಿ ಗುನ್ವೋರ್‌ಗೆ ಫೋಟೋ ತೋರಿಸಿದೆ.

"ಓ, ನಾರಿ! ಕೊನೇ ಮನೆ. ಬಾಗಿಲು ತಳ್ಳಿ, ಇಲ್ಲಿ ಯಾರೂ ಬೀಗ ಹಾಕಲ್ಲ. ಕೆಮ್ಮಿದೆ ಅವನಿಗೆ, ಈ ಜೇನು ಕೊಟ್ಟುಬಿಡಿ."

ನರಹರಿ ಇಲ್ಲಿ ಎಲ್ಲರ ಬಾಯಲ್ಲಿ 'ನಾರಿ' ಆಗಿದ್ದ. ಎಂಥಾ ದಡ್ಡ! ಹೈದರಾಬಾದಿನ ಜನಜಂಗುಳಿಯಲ್ಲೇ, ಸನತ್‌ನಗರದ ಯಾವುದಾದರೂ ಶೆಡ್ಡಿನಲ್ಲಿ ಕೂತಿದ್ದರೆ ನಾನು ಮುದುಕಿಯಾದರೂ ಸಿಗುತ್ತಿರಲಿಲ್ಲ.

ಜೇನಿನ ಬಾಟಲಿ ಹಿಡಿದು ಬಾಗಿಲು ತಳ್ಳಿದೆ.

"ನಮಸ್ಕಾರ ನರಹರಿಯವರ. ನಲಿನಿಯವ್ರು ಕೇಳ್ಯಾರ."

ಅವನು ಹಿಂದಿನ ಕಿಟಕಿಯಿಂದ ಹಾರಿದ!

ಓಡಿದ. ನಾನೂ ಓಡಿದೆ. ಮೀನಿನ ಸಾಲುಗಳ ನಡುವೆ ಮಾಯವಾದ. ಕತ್ತಲಾಗಲಿ, ಜಾರಿಕೊಳ್ಳೋಣ ಅಂತ ಕೂತ. ನಾನೂ ದಾರಿಗೆ ಅಡ್ಡ ಕೂತೆ. ಸೂರ್ಯ ಸಮುದ್ರದವರೆಗೆ ಇಳಿದ... ಮುಟ್ಟಿದ... ಮನಸ್ಸು ಬದಲಿಸಿ ಮತ್ತೆ ಮೇಲೇರಿದ!

ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೇ ಇಲ್ಲ. ತಲೆಮರೆಸಿಕೊಳ್ಳಲು ಬಂದವನು ವರ್ಷವಿಡೀ ಇದ್ದೂ ಅದನ್ನು ಮರೆತಿದ್ದ!

ಕೊನೆಗೆ ಅವನೇ ತಾಳದೆ ಎದ್ದು ಬೆಟ್ಟದ ಕಡೆ ಓಡಿದ. ಬೆನ್ನು ಬಿಡದೆ ಹತ್ತಿದೆ. ಬಂಡೆಯ ತಿರುವಿನಲ್ಲಿ ಕೊಕ್ಕೆ ಹಿಡಿದು ಕಾಯುತ್ತಿದ್ದ...

ಆಗಲೇ ಹೇಳಿದೆನಲ್ಲ, ಪಾಚಿ ಐತಿ ಅಂದ ಅಂತ.

"ನಲಿನಿಗೆ ಶಿಕ್ಷೆ ಆಗ್ತೈತಿ ಅಂತ ಗೊತ್ತೈತಿಲ್ಲೋ ನಿಮಗ?" ಅಂದೆ.

"ಆಕಿ ಗಟ್ಟಿ ಅದಾಳ್ರಿ. ತಡಕೋತಾಳ. ನನಗ ಜೈಲಿನ ಹವಾ ಆಗಂಗಿಲ್ಲ."

"ಆ ಹುಡುಗೀರಿಗೆ ಹೊಗಿ ಆಗ್ತಿತ್ತೇನು?"

ಕೊಕ್ಕೆ ಬೀಸಿದ. ಕುಕ್ಕರಿಸಿದೆ. ತಲೆಯ ಮೇಲೆ ಗಾಳಿ ಸೀಳಿತು. ಬೀಸಿದ ರಭಸಕ್ಕೆ ಅವನ ಕಾಲು ಪಾಚಿಯ ಮೇಲೆ ಬಿತ್ತು.

ಸರ್ರ್...

ಕೆಳಗೆ ನೀರಿನತ್ತ ಚಾಚಿಕೊಂಡಿದ್ದ ಕಲ್ಲಿನ ಮೇಲೆ ಬಿದ್ದು ಸಿಕ್ಕಿಕೊಂಡ. ಕಾಲು ಮುರಿದಿತ್ತು. ಅಲೆ ಅವನ ಸೊಂಟ ತೊಳೆಯುತ್ತಿತ್ತು.

"ಮೇಡಂ! ಸಾಯ್ತೀನ್ರಿ! ಯಾರನರ ಕರೀರಿ!"

"ಸತ್ತವರನ್ನ ಉಳಿಸಾಕ ಯಾರು ಬರ್ತಾರ್ರಿ?"

ನಿಜ ಹೇಳ್ತೀನಿ, ಒಂದು ಕ್ಷಣ ಸುಮ್ಮನೆ ನಿಂತುಬಿಡೋಣ ಅನ್ನಿಸಿತು. ಆದರೆ ಅವನು ಸತ್ತರೆ ನಲಿನಿ ಮತ್ತೆ ಅಪರಾಧಿ. ಅವನ ಜೀವ ಅವನಿಗಿಂತ ಆಕೆಗೆ ಬೇಕಾಗಿತ್ತು!

ಕಾಫಿ ಬಿಲ್ಲಿನ ಮೇಲಿದ್ದ ನಂಬರು ನೋಡಿ ಮೊದಲು ಗುನ್ವೋರ್‌ಗೆ ಫೋನ್ ಮಾಡಿದೆ. ಆಮೇಲೆ ನಲಿನಿಗೆ ವಿಡಿಯೋ ಕಾಲ್. ಬೆಟ್ಟದ ತುದಿಯಲ್ಲೂ ಫುಲ್ ಸಿಗ್ನಲ್! ಪರದೆಯಲ್ಲಿ ನಲಿನಿ, ಪಕ್ಕದಲ್ಲಿ ನಾನು ದಾರಿಗೆ ಅಡ್ಡ ಕೂತಾಗಲೇ ಹೇಳಿ ಕರೆಸಿದ್ದ ವಕೀಲರು.

"ಹೆಸರು ಹೇಳ್ರಿ. ಜೋರಾಗಿ."

"ನರಹರಿ... ಅಮೀರ್‌ಪೇಟ್... ಬೀಗ ನಾನೇ ಹಾಕಿದ್ದು! ಆಕಿಗೆ ಏನೂ ಗೊತ್ತಿಲ್ಲ! ದೋಣಿ ತರಿಸ್ರೀ!"

ಹೆದರಿಸಿ ಹೇಳಿಸಿದ ಮಾತು ಕೋರ್ಟಿನಲ್ಲಿ ನಿಲ್ಲಲ್ಲ, ನನಗೆ ಗೊತ್ತು. ನಿಲ್ಲಬೇಕಾದದ್ದು ಅವನು, ಜೀವಂತವಾಗಿ.

ನಲಿನಿ ಮೊಬೈಲನ್ನು ಇನ್ನೂ ಹತ್ತಿರ ಹಿಡಿದರು. ನೋಡುತ್ತಲೇ ಇದ್ದರು.

ದೋಣಿ ಬಂತು. ಇಬ್ಬರು ಮೀನುಗಾರರು ಅವನನ್ನು ಎಳೆದು ಹಾಕಿಕೊಂಡರು. ಗುನ್ವೋರ್ ಗಾಬರಿಯಾಗಿ ಕೇಳಿದಳು.

"ನಾರಿಗೆ ಏನಾಗಿತ್ತು?"

"ಸತ್ತಿದ್ದ ಅಜ್ಜಿ. ಈಗ ಪರವಾಗಿಲ್ಲ."

ಆಸ್ಪತ್ರೆಗೇ ಪೊಲೀಸರು ಬಂದರು. ಯಾರದೋ ಹೆಸರಿನ ಪಾಸ್‌ಪೋರ್ಟ್ ಸಿಕ್ಕಿತು. ಉಳಿದ ಕಾಗದಪತ್ರಕ್ಕೆ ತಿಂಗಳುಗಳು ಹಿಡಿದವು. ಕೊನೆಗೊಂದು ಮಧ್ಯಾಹ್ನ ಶಂಷಾಬಾದ್ ಏರ್‌ಪೋರ್ಟಿನಲ್ಲಿ ಪೊಲೀಸರ ನಡುವೆ ಕುಂಟುತ್ತಾ ಇಳಿದ. ಅಷ್ಟರಲ್ಲಿ ನಲಿನಿಯ ಮೇಲಿನ ಕೇಸು ಬಿದ್ದುಹೋಗಿತ್ತು.

ಹೆಂಡತಿಯನ್ನು ಕಂಡವನೇ ಶುರು ಮಾಡಿದ. "ನಲಿನೀ, ಒಬ್ಬ ಚಲೋ ವಕೀಲನ್ನ ನೋಡು..."

ನಲಿನಿ ಅವನನ್ನು ದಾಟಿ ನೇರ ನನ್ನ ಹತ್ತಿರ ಬಂದರು.

"ನಾಡಿದ್ದು ಇವ್ರ ತಿಥಿ ಇತ್ರಿ. ಭಟ್ಟರಿಗೆ ಹೇಳಿಬಿಟ್ಟೀನಿ."

"ಅಯ್ಯೋ! ಕ್ಯಾನ್ಸಲ್ ಮಾಡ್ಬೇಕಲ್ರಿ?"

"ಯಾಕ್ರಿ ಕ್ಯಾನ್ಸಲ್? ಊಟಕ್ಕ ಬರ್ರಿ."

ಹೋಗಿದ್ದೆ. ವಡೆ ಭಾಳ ಚಲೋ ಆಗಿದ್ದವು!